ಪೀಠಿಕೆಗೆ ಒಂದು ಅಂಕ

‘ಮಾನವ ಸಂಘಜೀವಿ’ ಎಂಬ ಎರಡು ಪದಗಳಿಗೆ ನಾನು ಋಣಿ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ನಾನು ಬರೆದ ಪ್ರಬಂಧಗಳೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಹೊರಟವು. ವಿಷಯ ಜನಸಂಖ್ಯಾ ಸ್ಫೋಟವೇ? ಮಾನವ ಸಂಘಜೀವಿ, ಆದರೆ ಸಂಘ ತೀರಾ ದೊಡ್ಡದಾದರೆ ತೊಂದರೆ. ಗ್ರಂಥಾಲಯದ ಮಹತ್ವವೇ? ಮಾನವ ಸಂಘಜೀವಿ, ಪುಸ್ತಕವೂ ಅವನಿಗೆ ಸಂಗಾತಿ. ವರದಕ್ಷಿಣೆಯ ಪಿಡುಗು ಬಂದರಂತೂ ಇನ್ನೂ ಸಲೀಸು, ಸಂಘಜೀವಿಯಾದವನು ಮದುವೆಯಾಗಲೇಬೇಕಲ್ಲ. ದೂರದರ್ಶನದ ಪ್ರಭಾವ ಎಂಬ ವಿಷಯಕ್ಕೆ ಮಾತ್ರ ಈ ಮಾತು ನಿಜವಾಗಿ ಹೊಂದುತ್ತಿತ್ತು. ನಮ್ಮೂರಿನಲ್ಲಿ ಆಗ ಟಿವಿ ಇದ್ದದ್ದು ಒಂದೇ ಮನೆಯಲ್ಲಿ, ಭಾನುವಾರ ಇಡೀ ಊರೇ ಅವರ ಜಗಲಿಯಲ್ಲಿ ಸಂಘಜೀವನ ನಡೆಸುತ್ತಿತ್ತು. ಹೋಟೆಲಿನ ಸಾಂಬಾರು ಇಡ್ಲಿಗೂ ಆಗುತ್ತದೆ, ವಡೆಗೂ ಆಗುತ್ತದೆ, ದೋಸೆಗೂ ಆಗುತ್ತದೆ. ನಮ್ಮ ಪೀಠಿಕೆಯೂ ಹಾಗೆಯೇ ಇತ್ತು.

ನಾನು ಹತ್ತನೆಯ ತರಗತಿ ಮುಗಿಸಿದ್ದು 1986ರಲ್ಲಿ, ಪುತ್ತೂರಿನ ಆಚೆಗಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ತರಗತಿಯಲ್ಲಿ ಒಬ್ಬೊಬ್ಬರದು ಮನೆಯಲ್ಲಿ ಒಂದೊಂದು ಮಾತು: ಕೆಲವರದು ತುಳು, ಕೆಲವರದು ಹವ್ಯಕ, ಕೆಲವರದು ಮಲಯಾಳ ಬೆರೆತ ಬ್ಯಾರಿ. ಕನ್ನಡ ಎಂದರೆ ಶಾಲೆಯ ಬಾಗಿಲು ದಾಟಿದ ಮೇಲೆ ಆಡುವ ಭಾಷೆ. ಆದ್ದರಿಂದ ಪ್ರಬಂಧದ ಕನ್ನಡವನ್ನು ನಾವು ಆಡಿ ಕಲಿಯಲಿಲ್ಲ, ಬಾಯಿಪಾಠ ಮಾಡಿ ಕಲಿತೆವು. ಕನ್ನಡ ಮಾಸ್ಟ್ರು ಕರಿಹಲಗೆಯ ಮೇಲೆ ಮೂರು ಪದ ಬರೆದು ಅಡಿಗೆರೆ ಎಳೆಯುತ್ತಿದ್ದರು: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಪೀಠಿಕೆಗೆ ಒಂದು ಅಂಕ, ಉಪಸಂಹಾರಕ್ಕೆ ಒಂದು, ಉಳಿದದ್ದು ನಡುವಿನದಕ್ಕೆ. “ಮೊದಲಿನದ್ದೂ ಕಡೆಯದ್ದೂ ಬಾಯಿಪಾಠ ಇದ್ರೆ ಎರಡು ಅಂಕ ಕಿಸೆಯಲ್ಲಿ. ನಡುವಿನದ್ದು ದೇವರು ಕೊಟ್ಟ ಹಾಗೆ” ಎನ್ನುತ್ತಿದ್ದರು. ಉಪಸಂಹಾರ ‘ಒಟ್ಟಿನಲ್ಲಿ ಹೇಳುವುದಾದರೆ’ ಎಂದು ಹೊರಡಬೇಕು. ಪೀಠಿಕೆಗೆ ಸಂಘಜೀವಿ, ಅವನು ಬೇಸರವಾದರೆ ‘ಭಾರತವು ಹಳ್ಳಿಗಳ ದೇಶ’, ಅದೂ ಸವೆದರೆ ‘ಇಂದಿನ ವೈಜ್ಞಾನಿಕ ಯುಗದಲ್ಲಿ’.

ಮಾಸ್ಟ್ರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಅಂಕದ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ ಇತ್ತು. ಕೂಲಿಗೆ ಹೋಗುವ ಅಪ್ಪ ಅಮ್ಮನ ಮಕ್ಕಳು, ಬೀಡಿ ಕಟ್ಟಿ ಶಾಲೆಗೆ ಬರುವ ಹುಡುಗಿಯರು ಇದ್ದ ತರಗತಿ ಅದು. ಅವರಿಗೆ ಒಂದೊಂದು ಅಂಕವೂ ಬೇಕಿತ್ತು. ಮಾಸ್ಟ್ರು ಅದನ್ನು ಒದಗಿಸಿದರು. ವಿಚಿತ್ರ ಎಂದರೆ, ಪೀಠಿಕೆ ಹೇಗಿರಬೇಕೆಂದು ನಾನು ಕಲಿತದ್ದೂ ಇದೇ ಮಾಸ್ಟ್ರಿಂದ. ತರಗತಿಯಲ್ಲಿ ಅಲ್ಲ, ದೇವಸ್ಥಾನದಲ್ಲಿ.

ನಮ್ಮ ಕಡೆ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರದಲ್ಲಿ, ಪತ್ತನಾಜೆ ಬರುತ್ತದೆ. ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ಆಮೇಲೆ ಮಳೆ. ಬಯಲಲ್ಲಿ ಆಟ ಆಡುವಂತಿಲ್ಲ. ಆ ತಿಂಗಳುಗಳಲ್ಲಿ ದೇವಸ್ಥಾನದ ಚಂದ್ರಶಾಲೆಯಲ್ಲೋ ಯಾರದಾದರೂ ಮನೆಯ ಚಾವಡಿಯಲ್ಲೋ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ನಡುವೆ ಭಾಗವತರು, ಚೆಂಡೆ, ಮದ್ದಳೆ. ಎರಡೂ ಬದಿಯಲ್ಲಿ ಶಾಲು ಹೊದ್ದ ಅರ್ಥಧಾರಿಗಳು ಎದುರುಬದುರು ಕೂರುತ್ತಾರೆ. ಭಾಗವತರು ಪ್ರಸಂಗದ ಪದ ಹಾಡಿದ ಮೇಲೆ, ಆ ಪಾತ್ರವೇ ತಾವಾಗಿ ಅರ್ಥಧಾರಿಗಳು ಮಾತು ಕಟ್ಟುತ್ತಾರೆ. ಬರೆದುಕೊಂಡು ಬಂದ ಮಾತಲ್ಲ, ಅಲ್ಲೇ ಹುಟ್ಟುವ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಇದನ್ನು ದೊಡ್ಡ ಕಲೆಯಾಗಿ ಬೆಳೆಸಿದರು. ಅವರ ವಾಲಿಯನ್ನು ಕೇಳಲು ಜನ ಮೈಲುಗಟ್ಟಲೆ ಮಳೆಯಲ್ಲಿ ನಡೆದು ಬರುತ್ತಿದ್ದರು. ದೊಡ್ಡ ಹೆಸರಿನವರ ಜೊತೆಗೆ ಊರೂರಿನಲ್ಲಿ ಪೋಸ್ಟ್ ಮಾಸ್ಟರು, ವಕೀಲರು, ಅಡಿಕೆ ಕೃಷಿಕರು, ಅದರಲ್ಲೂ ಶಾಲೆಯ ಮಾಸ್ಟ್ರುಗಳು ಅರ್ಥ ಹೇಳುತ್ತಿದ್ದರು. ನಮ್ಮ ಕನ್ನಡ ಮಾಸ್ಟ್ರು ಅವರಲ್ಲಿ ಒಬ್ಬರು.

ಪಾತ್ರವೊಂದು ಮೊದಲ ಸಲ ಬಾಯಿ ತೆರೆದಾಗ ಆಡುವ ಮಾತನ್ನು ಅಲ್ಲಿಯೂ ಪೀಠಿಕೆ ಎಂದೇ ಕರೆಯುವುದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ವಾಲಿ ಸುಗ್ರೀವರ ಕಾಳಗ ನಮ್ಮಲ್ಲಿ ಮಳೆಗಾಲಕ್ಕೆ ಒಮ್ಮೆಯಾದರೂ ನಡೆಯಬೇಕು. ವಾಲಿಯ ಪೀಠಿಕೆ ಎಂದರೆ ಹೊಸಬರಿಗೆ ಹಬ್ಬ. ಇಂದ್ರನ ಮಗ ನಾನು. ಅಪ್ಪ ಕೊಟ್ಟ ಬಂಗಾರದ ಮಾಲೆ ಕೊರಳಲ್ಲಿದೆ. ಎದುರು ನಿಂತವನ ಬಲ ನನಗೆ ಬರುತ್ತದೆ. ರಾವಣನನ್ನು ಕಂಕುಳಲ್ಲಿ ಇರುಕಿಕೊಂಡು ಸಮುದ್ರ ಸಮುದ್ರ ತಿರುಗಿದವನು. ದುಂದುಭಿಯನ್ನು ಕೊಂದೆ, ಮಾಯಾವಿಯ ಬೆನ್ನುಹತ್ತಿ ಬಿಲ ಹೊಕ್ಕೆ. ಹೀಗೆ ಅರ್ಧ ಗಂಟೆ. ಸಭೆಯಲ್ಲಿ ಎಲೆಯಡಿಕೆ ತಟ್ಟೆ ಕೈಯಿಂದ ಕೈಗೆ ಹೋಗುತ್ತದೆ, ಮಕ್ಕಳು ಮಲಗುತ್ತಾರೆ. ಹೇಳಿದ್ದೆಲ್ಲ ನಿಜ. ಯಾವುದೂ ಆ ರಾತ್ರಿಗೆ ಬೇಕಾದದ್ದಲ್ಲ.

ಮಾಸ್ಟ್ರು ವಾಲಿಯಾದ ರಾತ್ರಿ ನಾನು ಕಂಬಕ್ಕೆ ಒರಗಿ ಕೂತಿದ್ದೆ. ಅವರೂ ಇಂದ್ರನಿಂದಲೇ ಶುರುಮಾಡುತ್ತಾರೆ ಎಂದುಕೊಂಡಿದ್ದೆ. ನಮಗೆ ಸಂಘಜೀವಿ ಹೇಳಿಕೊಟ್ಟವರಲ್ಲವೇ. ಭಾಗವತರ ಪದ ಮುಗಿಯಿತು. ಮಾಸ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಿವಿಗೊಟ್ಟವರ ಹಾಗೆ ತಲೆ ಓರೆ ಮಾಡಿ ಹೇಳಿದರು: “ಈ ಕೂಗು ನನಗೆ ಗೊತ್ತು. ಈಗಷ್ಟೇ ನನ್ನ ಕೈಯಲ್ಲಿ ಪೆಟ್ಟು ತಿಂದು ಓಡಿಹೋದ ಕೂಗು. ತಮ್ಮ ಎಂಬ ಒಂದೇ ಕಾರಣಕ್ಕೆ ಕೊಲ್ಲದೆ ಬಿಟ್ಟಿದ್ದೆ. ಓಡಿಹೋದ ಕೂಗು ಇಷ್ಟು ಬೇಗ ತಿರುಗಿ ಬಂದಿದೆಯೆಂದರೆ, ಅದರ ಹಿಂದೆ ಇನ್ನೊಂದು ಕೊರಳು ಇದೆ.”

ಅಷ್ಟೇ ಪೀಠಿಕೆ. ಮಲಗಿದ್ದ ಮಕ್ಕಳು ಏಳಲಿಲ್ಲ, ಅದು ನಿಜ. ಆದರೆ ಎಲೆಯಡಿಕೆ ತಟ್ಟೆ ನಿಂತಿತು. ಇಂದ್ರ, ಬಂಗಾರದ ಮಾಲೆ, ರಾವಣ ಯಾರೂ ಬರದೆ ವಾಲಿ ಅಲ್ಲಿ ಬಂದು ಕೂತಿದ್ದ. ಅವನ ಅಹಂಕಾರವೂ ಕಂಡಿತು, ಅನುಮಾನವೂ ಕಂಡಿತು, ತಮ್ಮನ ಮೇಲೆ ಉಳಿದ ಒಂದು ಎಳೆ ಮಮತೆಯೂ ಕಂಡಿತು. ಕಥೆ ಮುಂದೆ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ದಾರಿಯೂ ತೆರೆದಿತ್ತು: ಹಿಂದಿರುವ ಕೊರಳು ರಾಮನದಲ್ಲವೇ.

ನಿಜವಾದ ಪಾಠ ಅದೇ ರಾತ್ರಿ, ಬೆಳಗಿನ ಜಾವಕ್ಕೆ ಬಂತು. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆಯಲು ನಾನು ನಿನಗೆ ಮಾಡಿದ ಅಪರಾಧವೇನು ಎಂದು. ರಾಮನ ಅರ್ಥ ಹೇಳುತ್ತಿದ್ದವರು ನೆರೆಯ ಊರಿನ ಹಿರಿಯ ಕೃಷಿಕರು. ಅವರು ಧರ್ಮಶಾಸ್ತ್ರ ತೆಗೆಯಲಿಲ್ಲ. ರಾತ್ರಿಯ ಆ ಪೀಠಿಕೆಯನ್ನೇ ಎತ್ತಿಕೊಂಡರು: “ತಮ್ಮ ಎಂದು ಕೊಲ್ಲದೆ ಬಿಟ್ಟೆ ಎಂದು ನೀನೇ ಹೇಳಿದೆ. ಸುಗ್ರೀವ ತಮ್ಮ ಎಂಬುದು ನಿನಗೆ ಅಷ್ಟು ಚೆನ್ನಾಗಿ ನೆನಪಿದ್ದರೆ, ಅವನ ಹೆಂಡತಿ ರುಮೆ ನಿನಗೆ ಏನಾಗಬೇಕು ಎಂಬುದು ಮರೆತದ್ದು ಯಾವಾಗ?” ಸಭೆ ಹೋ ಎಂದಿತು. ಮಾಸ್ಟ್ರು ತಲೆ ಬಗ್ಗಿಸಿ ನಕ್ಕರು. ಸಿಕ್ಕಿಬಿದ್ದ ನಗು ಅಲ್ಲ ಅದು; ಇದಕ್ಕೆಂದೇ ಆ ಮಾತನ್ನು ಇಟ್ಟಿದ್ದೆ ಎನ್ನುವ ನಗು.

ಮುಂದೊಂದು ದಿನ ಶಾಲೆಯ ಬಾವಿಕಟ್ಟೆಯ ಹತ್ತಿರ ಧೈರ್ಯ ಮಾಡಿ ಕೇಳಿದೆ. “ಮಾಸ್ಟ್ರೇ, ಅಲ್ಲಿ ನೀವು ಅಷ್ಟು ಚಂದ ಶುರುಮಾಡಿದ್ರಿ. ನಮಗೆ ಮಾತ್ರ ಯಾಕೆ ಮಾನವ ಸಂಘಜೀವಿ?”

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. “ಅಲ್ಲಿ ಎದುರಿಗೆ ಸುಗ್ರೀವ ಕೂತಿರ್ತಾನೆ ಮಾರಾಯ, ಆಚೆ ರಾಮ ಇರ್ತಾನೆ. ನಾನು ಹೇಳಿದ್ದಕ್ಕೆ ಉತ್ತರ ಕೊಡ್ಲಿಕ್ಕೆ ಉಂಟು ಅವರಿಗೆ. ನಾನು ಏನಾದ್ರೂ ಹೇಳಲೇಬೇಕು. ನಿನ್ನ ಪೇಪರಿಗೆ ಉತ್ತರ ಕೊಡುವವ ಯಾರಿದ್ದಾನೆ? ಕೆಂಪು ಪೆನ್ನಿನವ ಒಂದು ಗೆರೆ ಎಳೆದು ಮುಂದೆ ಹೋಗ್ತಾನೆ.”

ಈ ಮಾತನ್ನು ಇಷ್ಟು ವರ್ಷಗಳಿಂದ ಅಲ್ಲಿ ಇಲ್ಲಿ ತಿರುಗಿಸಿ ನೋಡಿದ್ದೇನೆ. ಪೀಠಿಕೆ ಬರೆಯುವುದನ್ನು ಕಲಿಸುವ ಪುಸ್ತಕಗಳು ಓದುಗನ ಗಮನ ಸೆಳೆಯಬೇಕು ಎನ್ನುತ್ತವೆ. ಮಾಸ್ಟ್ರು ಹೇಳಿದ್ದು ಅದಕ್ಕಿಂತ ಕಠಿಣವಾದದ್ದು. ಗಮನ ಸೆಳೆಯಲು ಚೆಂಡೆ ಸಾಕು. ಪೀಠಿಕೆಯಲ್ಲಿ ಒಬ್ಬ ಬಾಯಿಬಿಟ್ಟು ಒಂದು ಮಾತು ಹೇಳಬೇಕು, ಎದುರಿಗಿದ್ದವನು ಅದನ್ನು ಹಿಡಿದು ಕೇಳಬಲ್ಲಂಥ ಮಾತು. ‘ಮಾನವ ಸಂಘಜೀವಿ’ ಎಂಬುದಕ್ಕೆ ಯಾರು ಏನು ಉತ್ತರ ಕೊಡಬಹುದು? ಹೌದು ಎನ್ನಬಹುದು. ಅಷ್ಟಕ್ಕೆ ಮುಗಿಯಿತು.

ಎದುರಿಗೆ ಕೇಳುವವರನ್ನು ಕೂರಿಸಿಕೊಂಡರೆ ಪೀಠಿಕೆಗೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸಾಹಿತ್ಯದಲ್ಲಿ ಒಂದು ಸೊಗಸಾದ ನಿದರ್ಶನವಿದೆ, ಅದೂ ನಮ್ಮ ಸೀಮೆಯದೇ. ಹಳೆಗನ್ನಡ ಕಾವ್ಯಗಳಿಗೆ ಪೀಠಿಕೆಯ ಒಂದು ಪದ್ಧತಿ ಇತ್ತು. ಮೊದಲು ದೇವತೆಗಳ ಸ್ತುತಿ, ಆಮೇಲೆ ಹಿಂದಿನ ಕವಿಗಳ ಸ್ಮರಣೆ, ಆಶ್ರಯ ಕೊಟ್ಟ ದೊರೆ ಇದ್ದರೆ ಅವನ ಹೊಗಳಿಕೆ. ಕುಮಾರವ್ಯಾಸನೂ ತನ್ನ ಭಾರತದ ಮೊದಲ ಸಂಧಿಯನ್ನು ಪೀಠಿಕಾ ಸಂಧಿಯಾಗಿಸಿ ಗದುಗಿನ ವೀರನಾರಾಯಣನನ್ನು ನೆನೆಯುತ್ತಾನೆ. ಆದರೆ ಅಲ್ಲೇ, ಹಲಗೆ ಬಳಪ ಮುಟ್ಟದೆ, ಇಟ್ಟ ಪದ ಅಳಿಸದೆ, ಇನ್ನೊಬ್ಬರ ಜಾಡು ಹಿಡಿಯದೆ ಬರೆಯುತ್ತೇನೆಂದು ಎದೆ ತಟ್ಟಿ ಹೇಳುತ್ತಾನೆ. ಆ ಪಂಥವನ್ನು ಉಳಿದ ಕಾವ್ಯವಿಡೀ ಅವನು ಹೊರಬೇಕು. ಮುದ್ದಣ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕಾರ್ಕಳದ ಹತ್ತಿರದ ನಂದಳಿಕೆಯವನು, ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಮಾಸ್ಟ್ರು, ಯಕ್ಷಗಾನ ಪ್ರಸಂಗ ಬರೆದವನು, 1901ರಲ್ಲಿ ಮೂವತ್ತೊಂದರ ಪ್ರಾಯಕ್ಕೆ ತೀರಿಕೊಂಡವನು. ಅವನ ‘ಶ್ರೀರಾಮಾಶ್ವಮೇಧಂ’ ಶುರುವಾಗುವುದು ಗಂಡ ಹೆಂಡತಿಯ ಮಾತುಕತೆಯಿಂದ. ಮನೋರಮೆ ಕಥೆ ಹೇಳು ಎನ್ನುತ್ತಾಳೆ. ಮುದ್ದಣ ಉಸಿರು ಕಟ್ಟುವಷ್ಟು ಉದ್ದದ ಸಂಸ್ಕೃತ ಸಮಾಸದಿಂದ ಭರ್ಜರಿಯಾಗಿ ಹೊರಡುತ್ತಾನೆ. ಅವಳು ಅಲ್ಲೇ ತಡೆಯುತ್ತಾಳೆ: ಇದೇನಿದು, ನನಗೆ ಅರ್ಥವಾಗುವ ಕನ್ನಡದಲ್ಲಿ ಹೇಳು. ಅವನು ಇಳಿದು ಬರುತ್ತಾನೆ, ಕಥೆ ಶುರುವಾಗುತ್ತದೆ. ನಮ್ಮ ಪಠ್ಯದಲ್ಲಿ ಈ ಸಲ್ಲಾಪ ಇದ್ದಾಗ ಇದನ್ನು ಶೃಂಗಾರ ಎಂದು ಓದಿ ಕಿಸಕ್ಕೆಂದೆವು. ಪೀಠಿಕೆಯನ್ನು ತಿದ್ದುವ ಕೆಲಸ ಇದಕ್ಕಿಂತ ಚೆನ್ನಾಗಿ ಎಲ್ಲೂ ಆಗಿಲ್ಲ ಎಂಬುದು ನನಗೆ ಹೊಳೆದದ್ದು ನಾನೇ ಮೇಷ್ಟ್ರಾದ ಮೇಲೆ.

ಮೇಷ್ಟ್ರಾದವನಿಗೆ ಏಪ್ರಿಲ್ ಬಂತೆಂದರೆ ಮೌಲ್ಯಮಾಪನ. ಫ್ಯಾನಿನ ಕೆಳಗೆ ಹಾರದಂತೆ ಕಲ್ಲಿಟ್ಟ ಉತ್ತರ ಪತ್ರಿಕೆಗಳ ಕಟ್ಟು, ಕೆಂಪು ಪೆನ್ನು, ಪಕ್ಕದಲ್ಲಿ ಮಾದರಿ ಉತ್ತರ. ಮಾಸ್ಟ್ರು ಹೇಳಿದ್ದ ಆ ಕೆಂಪು ಪೆನ್ನಿನವ ಈಗ ನಾನೇ. ಸಂಘಜೀವಿ ಅಲ್ಲಿ ಕ್ಷೇಮವಾಗಿದ್ದ. ಒಂದೇ ಕೇಂದ್ರದ ಮಕ್ಕಳೆಲ್ಲ ಒಂದೇ ಗೈಡಿನಿಂದ ಹೊರಟಿರುತ್ತಿದ್ದರು. ಪೀಠಿಕೆಯ ಮೇಲೆ ಕಣ್ಣು ಹಾಯಿಸಿ ಅಂಕ ಹಾಕಿ ಮುಂದೆ ಹೋಗುವುದೇ ಕ್ರಮ. ಆ ಒಂದು ಅಂಕವನ್ನು ಕಳೆಯುವ ಮನಸ್ಸು ನನಗೂ ಬರುತ್ತಿರಲಿಲ್ಲ. ಪೀಠಿಕೆ ಇದೆಯೇ ಎಂದು ಮಾದರಿ ಉತ್ತರ ಕೇಳುತ್ತದೆ, ಹೇಗಿದೆ ಎಂದು ಕೇಳುವುದಿಲ್ಲ.

ಹಾಗೆ ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದು ತೂಕಡಿಸುವ ಹೊತ್ತಿನಲ್ಲಿ, ನೀರಿನ ಸಂರಕ್ಷಣೆಯ ಬಗ್ಗೆ ಒಂದು ಪ್ರಬಂಧ ಕೈಗೆ ಬಂತು. ಬರೆದದ್ದು ಹುಡುಗನೋ ಹುಡುಗಿಯೋ ಗೊತ್ತಿಲ್ಲ, ಪತ್ರಿಕೆಯಲ್ಲಿ ಹೆಸರಿರುವುದಿಲ್ಲ. ಅಕ್ಷರ ಕೋಳಿ ಕಾಲಿನದು. ಮೊದಲ ಸಾಲುಗಳು ಹೆಚ್ಚುಕಡಿಮೆ ಹೀಗಿದ್ದವು: ನಮ್ಮ ಗುಡ್ಡದ ಸುರಂಗವನ್ನು ಅಜ್ಜ ಕೊರೆದದ್ದು. ಬೇಸಿಗೆಯಲ್ಲಿಯೂ ಅದರಲ್ಲಿ ನೀರು ಬರುತ್ತಿತ್ತು. ಮೇಲಿನ ತೋಟದವರು ಬೋರ್‌ವೆಲ್ ಹಾಕಿದ ಮರುವರ್ಷ ನಿಂತಿತು. ಬೋರ್‌ವೆಲ್ ಹಾಕಿದ್ದು ತಪ್ಪೋ ಅಲ್ಲವೋ ಎಂದು ನಮ್ಮ ಮನೆಯಲ್ಲಿ ಈಗಲೂ ಜಗಳವಿದೆ.

ಬಂಟ್ವಾಳ, ಪುತ್ತೂರು, ಕಾಸರಗೋಡಿನ ಕಡೆ ಸುರಂಗ ಎಂದರೆ ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ, ಒಬ್ಬ ಬಗ್ಗಿ ನಡೆಯುವಷ್ಟು ಅಗಲಕ್ಕೆ, ಪಿಕಾಸಿಯಲ್ಲಿ ಕೊರೆದ ಬಿಲ. ಒಳಗಿನ ಒಸರು ತಾನಾಗಿಯೇ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಇದು ಯಾವ ಗೈಡಿನಲ್ಲೂ ಇರಲಿಲ್ಲ. ನಾನು ನಿದ್ದೆ ಬಿಟ್ಟು ಕೂತೆ. ಸುರಂಗದ ಸಂಗತಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಆ ನಾಲ್ಕನೆಯ ವಾಕ್ಯ. ‘ಜಗಳವಿದೆ’ ಎಂದ ಮೇಲೆ ಎರಡೂ ಕಡೆಯವರ ಮಾತು ಹೇಳಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ. ಆ ಮಗು ಹೇಳಿತು. ಅಮ್ಮ ಬೋರ್‌ವೆಲ್ಲಿನವರ ಪರ, ಯಾಕೆಂದರೆ ಅವರಿಗೂ ತೋಟ ಒಣಗುತ್ತಿತ್ತು. ಅಪ್ಪ ವಿರುದ್ಧ. ಮಳೆಕೊಯ್ಲು, ಇಂಗುಗುಂಡಿ ಎಲ್ಲ ಗೈಡಿನ ಮಾತುಗಳೂ ಬಂದವು. ಆದರೆ ಈ ಸಲ ಅವು ಒಂದು ಜಗಳಕ್ಕೆ ಉತ್ತರವಾಗಿ ಬಂದವು. ಪೂರ್ಣ ಅಂಕ ಕೊಟ್ಟೆ. ಸುರಂಗ ಕಂಡ ಮಗುವಿಗೂ ಪೀಠಿಕೆಗೆ ಒಂದೇ, ಸಂಘಜೀವಿಗೂ ಒಂದೇ. ಅದೊಂದು ಅನ್ಯಾಯ ಎಂದು ಆವತ್ತೂ ಅನಿಸಿತು, ಈಗಲೂ ಅನಿಸುತ್ತದೆ.

ಇದನ್ನು ಹೇಳಿದರೆ, ಹಾಗಾದರೆ ಪ್ರಬಂಧವನ್ನು ಸ್ವಂತ ಅನುಭವದಿಂದ ಶುರುಮಾಡಬೇಕು ಎಂದು ಕೂಡಲೇ ಒಂದು ಸೂತ್ರ ಹೊಸೆಯುವವರಿದ್ದಾರೆ. ಬೇಡ. ನಾನು ನಿವೃತ್ತಿಯಾಗುವ ಹೊತ್ತಿಗೆ ಆ ಸೂತ್ರವೂ ಬಂದಾಗಿತ್ತು. ಪ್ರಬಂಧ ಸ್ಪರ್ಧೆಯ ತೀರ್ಪುಗಾರನಾಗಿ ಕೂತಾಗೆಲ್ಲ ಎಷ್ಟು ಅಜ್ಜಿಯರು ಎಷ್ಟು ಜಗಲಿಗಳಲ್ಲಿ ಕೂತು ಎಷ್ಟು ನೀತಿ ಹೇಳಿದರೋ. ಅಜ್ಜಿ ಮುಗಿದರೆ ಪ್ರಶ್ನೆ: ‘ನೀರಿಲ್ಲದ ಜಗತ್ತನ್ನು ನೀವು ಊಹಿಸಬಲ್ಲಿರಾ?’ ಬಲ್ಲೆ ಎಂದರೆ ಪ್ರಬಂಧ ಅಲ್ಲೇ ಬಿದ್ದುಹೋಗುತ್ತದೆ. ಪ್ರಶ್ನೆ ಮುಗಿದರೆ ಮಹನೀಯರ ನುಡಿ. ಅಬ್ದುಲ್ ಕಲಾಂ ಎಲ್ಲೂ ಹೇಳದ ಮಾತುಗಳನ್ನು ನಮ್ಮ ಮಕ್ಕಳು ಅವರ ಹೆಸರಿನಲ್ಲಿ ಉದ್ಧರಿಸುತ್ತಾರೆ. ಪಾಪ, ಆ ಮನುಷ್ಯ ಬದುಕಿದ್ದರೆ ಮಕ್ಕಳ ಮೇಲಿನ ಪ್ರೀತಿಗೆ ಅವನ್ನೆಲ್ಲ ಒಪ್ಪಿಕೊಳ್ಳುತ್ತಿದ್ದರೇನೋ. ಇನ್ನು ಕೆಲವರು ಅಂಕಿ ಅಂಶ ಹೊತ್ತು ತರುತ್ತಾರೆ, ಎಲ್ಲಿಂದ ಎಂದು ಕೇಳಿದರೆ ಮುಖ ನೋಡುತ್ತಾರೆ. ಇವೆಲ್ಲ ಗಮನ ಸೆಳೆಯುವ ಉಪಾಯಗಳು. ಇಂದ್ರ, ಬಂಗಾರದ ಮಾಲೆ, ಕಂಕುಳಿನ ರಾವಣ.

ಒಂದು ಪೀಠಿಕೆ ಗಟ್ಟಿ ಇದೆಯೋ ಇಲ್ಲವೋ ಎಂದು ನೋಡಲು ನಾನು ತರಗತಿಯಲ್ಲಿ ಒಂದು ಆಟ ಆಡಿಸುತ್ತಿದ್ದೆ. ಒಬ್ಬನ ಪೀಠಿಕೆಯನ್ನು ಇನ್ನೊಬ್ಬನ ಪ್ರಬಂಧಕ್ಕೆ, ಬೇರೆ ವಿಷಯದ್ದಕ್ಕೆ, ಹಚ್ಚಿ ಗಟ್ಟಿಯಾಗಿ ಓದಿಸುವುದು. ಹೊಂದಿಕೊಂಡರೆ ಅದು ಸಾಂಬಾರು. ಹೊಂದದೆ ಇಡೀ ತರಗತಿ ನಕ್ಕರೆ ಬರೆದವನಿಗೆ ಶಭಾಷ್. ಮೊದಮೊದಲು ಯಾರೂ ನಗುತ್ತಿರಲಿಲ್ಲ, ಎಲ್ಲವೂ ಎಲ್ಲಕ್ಕೂ ಹೊಂದುತ್ತಿತ್ತು. ದೀಪಾವಳಿ ರಜೆ ಕಳೆಯುವ ಹೊತ್ತಿಗೆ ನಗು ಶುರುವಾಗುತ್ತಿತ್ತು. ಇನ್ನೊಂದು ಮಾತು: ಮೊದಲು ಬರೆದ ಎರಡು ವಾಕ್ಯಗಳನ್ನು ಬೆರಳಿನಿಂದ ಮುಚ್ಚಿ ಓದಿ ಎನ್ನುತ್ತಿದ್ದೆ. ಏನೂ ಕಳೆದುಹೋಗದಿದ್ದರೆ ಅವುಗಳನ್ನು ಹೊಡೆದು ಹಾಕಿ. ಮಕ್ಕಳು ಮೂರನೆಯ ವಾಕ್ಯದಿಂದ ಮಾತಾಡಲು ಶುರುಮಾಡುತ್ತಾರೆ. ದೊಡ್ಡವರೂ ಹಾಗೆಯೇ, ಸಭೆಗಳಲ್ಲಿ ನೋಡಿ.

ಪರೀಕ್ಷೆಯಲ್ಲಿ ಇಷ್ಟೆಲ್ಲ ಯೋಚಿಸಲು ಹೊತ್ತಿರುವುದಿಲ್ಲ ಎಂದು ಹುಡುಗರು ಹೇಳುತ್ತಿದ್ದರು. ನಿಜ. ಅದಕ್ಕೆ, ಉತ್ತರ ಪತ್ರಿಕೆಯಲ್ಲಿ ಮೇಲೆ ನಾಲ್ಕೈದು ಸಾಲು ಖಾಲಿ ಬಿಟ್ಟು ವಿಷಯ ನಿರೂಪಣೆಯಿಂದಲೇ ಶುರುಮಾಡಿ ಎಂದೆ. ಬರೆಯುತ್ತಾ ಹೋದ ಹಾಗೆ, ತಾನು ಯಾರ ಕಡೆ ಇದ್ದೇನೆ, ಏನು ಹೇಳುತ್ತಿದ್ದೇನೆ ಎಂದು ಬರೆಯುವವನಿಗೇ ಗೊತ್ತಾಗುತ್ತದೆ. ಆಮೇಲೆ ಮೇಲಕ್ಕೆ ಬಂದು ಆ ಮಾತನ್ನು ಖಾಲಿ ಸಾಲುಗಳಲ್ಲಿ ಬರೆಯುವುದು. ಕೆಲವರು ಬಿಟ್ಟ ಜಾಗವನ್ನು ತುಂಬಲು ಮರೆತು ಬಂದು ಗೋಳಾಡಿದ್ದೂ ಉಂಟು. ಅಂಥವರಿಗೆ, ಕೊನೆಯ ಗಂಟೆ ಬಾರಿಸುವ ಮೊದಲಿನ ಎಚ್ಚರಿಕೆಯ ಗಂಟೆಗೆ ಮೇಲೆ ನೋಡಿ ಎಂದು ಹೇಳಿಕೊಟ್ಟೆ. ತಾಳಮದ್ದಳೆಯಲ್ಲಿ ಈ ಸೌಕರ್ಯವಿಲ್ಲ, ಆಡಿದ ಮಾತು ಆಡಿದ್ದೇ. ಬರವಣಿಗೆಗೆ ಇರುವ ಈ ಒಂದು ಲಾಭವನ್ನು ನಾವು ಬಳಸುವುದೇ ಇಲ್ಲ.

ಈಗ ತರಗತಿಯಲ್ಲಿರುವ ಕನ್ನಡ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಕೇಳಿಕೆ ಇದೆ. ಹತ್ತನೆಯ ತರಗತಿಗೆ ಅಂಕದ ಭಯ ಇರುತ್ತದೆ, ಅವರನ್ನು ಬಿಡಿ. ಎಂಟನೆಯವರನ್ನು ಹಿಡಿಯಿರಿ. ಪ್ರಬಂಧ ಬರೆಸಬೇಡಿ, ನಾಲ್ಕು ಸಾಲಿನ ಪೀಠಿಕೆ ಮಾತ್ರ ಬರೆಸಿ, ಪುಸ್ತಕವನ್ನು ಪಕ್ಕದ ಬೆಂಚಿಗೆ ದಾಟಿಸಿ, ಅಲ್ಲಿಯವರಿಂದ ಅದರ ಕೆಳಗೆ ಉತ್ತರ ಬರೆಸಿ. ಉತ್ತರ ಬರೆಯಲು ಏನೂ ತೋಚದ ಪೀಠಿಕೆಯನ್ನು ಮರಳಿಸಿ ಇನ್ನೊಮ್ಮೆ ಬರೆಯಲು ಹೇಳಿ. ವಾರಕ್ಕೆ ಒಂದು ಪಿರಿಯಡ್ ಸಾಕು. ಶನಿವಾರ ಬೆಳಗಿನ ಶಾಲೆಯ ಕೊನೆಯ ಪಿರಿಯಡ್ ಇದಕ್ಕೆ ಒಳ್ಳೆಯದು.